ಕಾಲೇಜು ಪಟ್ಟಿ ಮಾಡೋ ಮುಂಚೆ ಒಮ್ಮೆ ಕ್ಯಾಂಪಸ್ ನೋಡಿ ಬನ್ನಿ: ಅಮೆರಿಕದಲ್ಲಿರುವ ಕನ್ನಡ ಅಪ್ಪ ಅಮ್ಮಂದಿರಿಗೆ

ನಮ್ಮ ಕಾಲದಲ್ಲಿ ಕಾಲೇಜು ನೋಡಿಕೊಂಡು ಬರುವುದು ಅಂತ ಒಂದು ಕೆಲಸವೇ ಇರಲಿಲ್ಲ. ನಾನು ಸಿಇಟಿ ಬರೆದದ್ದು 1998ರಲ್ಲಿ. ಕೌನ್ಸೆಲಿಂಗ್‌ಗೆ ಅಂತ ಅಪ್ಪನ ಜೊತೆ ಹಾಸನದಿಂದ ಬೆಳಗಿನ ಮೊದಲ ಬಸ್ಸು ಹತ್ತಿ ಬೆಂಗಳೂರಿಗೆ ಬಂದೆ. ಉಳಿದಿದ್ದ ಸೀಟುಗಳ ಪಟ್ಟಿ ನೋಡಿದೆವು, ನನ್ನ ರ‍್ಯಾಂಕಿಗೆ ಸಿಗುವುದರಲ್ಲಿ ಯಾವುದರ ಹೆಸರು ದೊಡ್ಡದು ಅನ್ನಿಸಿತೋ ಅದನ್ನು ಹಿಡಿದುಕೊಂಡು ಸಂಜೆ ಬಸ್ಸಿಗೆ ವಾಪಸ್. ಆ ಕಾಲೇಜಿನ ಗೇಟು ನಾನು ಮೊದಲು ನೋಡಿದ್ದು ಫೀಸು ಕಟ್ಟಿದ ಮೇಲೆ.

ಅದೇ ಅಭ್ಯಾಸದಲ್ಲಿ ಮಗಳಿಗೂ ಕಾಲೇಜು ಹುಡುಕಲು ಕೂತೆವು. ನಾವಿರುವುದು ನ್ಯೂಜೆರ್ಸಿಯಲ್ಲಿ. ನಮ್ಮನೆಯವರು ಹನ್ನೆರಡು ಕಾಲೇಜುಗಳ ಪಟ್ಟಿ ಮಾಡಿದರು, ಪ್ರತಿಯೊಂದರ ಮುಂದೆ ರ‍್ಯಾಂಕ್ ಬರೆದರು, ಮೇಲಿಂದ ಕೆಳಗೆ ಜೋಡಿಸಿದರು. ಒಂದು ವರ್ಷ ಓಡಾಡಿದ ಮೇಲೆ ಆ ಹನ್ನೆರಡರಲ್ಲಿ ಉಳಿದದ್ದು ಏಳು. ನಾವು ಹೆಸರೇ ಕೇಳಿರದ ಮೂರು ಹೊಸದಾಗಿ ಸೇರಿದವು. ಇದು ಹೇಗಾಯಿತು, ಇಲ್ಲಿನ ಪದ್ಧತಿ ಏನು, ನೋಡಲು ಹೋದಾಗ ಯಾವುದನ್ನು ನಂಬಬೇಕು ಅಂತ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಕೂಟದಲ್ಲೇ ಎಷ್ಟೋ ಜನ ಈ ಪ್ರಶ್ನೆ ಕೇಳಿದ್ದಾರೆ.

ಮೊದಲು ಪದ್ಧತಿ. ಇಲ್ಲಿ ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್, ಒಂದೇ ಕೌನ್ಸೆಲಿಂಗ್ ಇಲ್ಲ. ಪ್ರತಿ ಕಾಲೇಜೂ ಬೇರೆ ಬೇರೆಯಾಗಿ ಅರ್ಜಿ ಓದುತ್ತದೆ. ಎರಡು ಮೂರು ಕಡೆ ಸೀಟು ಸಿಕ್ಕಿದರೆ ಆರಿಸುವುದು ಮಕ್ಕಳ ಕೈಯಲ್ಲಿ. ಹಾಗಾಗಿ ಕಾಲೇಜುಗಳೇ ಬಾಗಿಲು ತೆರೆದು ಬಂದು ನೋಡಿ ಅನ್ನುತ್ತವೆ. ಅಡ್ಮಿಷನ್ ಆಫೀಸಿನ ವೆಬ್‌ಸೈಟಿನಲ್ಲಿ ದಿನ, ಸಮಯ ನೋಡಿ ಹೆಸರು ಬರೆಸಬೇಕು. ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಒಂದು ಗಂಟೆ ಹತ್ತಿರ ಆಫೀಸಿನವರ ಮಾತು, ಆಮೇಲೆ ಒಂದು ಒಂದೂವರೆ ಗಂಟೆ ನಡಿಗೆ. ನಡೆಸಿಕೊಂಡು ಹೋಗುವುದು ಅಲ್ಲೇ ಓದುತ್ತಿರುವ ವಿದ್ಯಾರ್ಥಿ. ಹೆಚ್ಚಿನವರು ಹೋಗುವುದು ಹನ್ನೊಂದನೇ ತರಗತಿಯ ಸ್ಪ್ರಿಂಗ್ ಬ್ರೇಕಿನಲ್ಲಿ, ಅಂದರೆ ಮಾರ್ಚ್ ಏಪ್ರಿಲ್‌ನಲ್ಲಿ. ಆ ವಾರಗಳ ಜಾಗ ಬೇಗ ತುಂಬಿಹೋಗುತ್ತದೆ, ಮೊದಲೇ ಬರೆಸಿಡಿ. ಬೇಸಿಗೆ ರಜೆಯಲ್ಲಿ ಹೋಗುವುದು ಸುಲಭ, ಆದರೆ ಆಗ ಕ್ಯಾಂಪಸ್ ಖಾಲಿ. ಮಕ್ಕಳಿಲ್ಲದ ಕಾಲೇಜು ಅಂದರೆ ಜಾತ್ರೆ ಮುಗಿದ ಮೇಲಿನ ಬಯಲು. ಆದಷ್ಟು ಪಾಠ ನಡೆಯುವ ವಾರದ ದಿನಗಳಲ್ಲೇ ಹೋಗಿ.

ಹೋಗದಿದ್ದರೆ ಸೀಟು ಕೊಡಲ್ವಾ ಅಂತ ತುಂಬಾ ಜನ ಹೆದರುತ್ತಾರೆ. ಕೆಲವು ಕಾಲೇಜುಗಳು ಅರ್ಜಿದಾರರಿಗೆ ನಮ್ಮಲ್ಲಿ ಎಷ್ಟು ಆಸಕ್ತಿ ಇದೆ ಅಂತ ಗಮನಿಸುವುದು ನಿಜ. ಆದರೆ ಎಂಐಟಿ, ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾರು ನೋಡುತ್ತಾರೆ ಅಂತ ತಿಳಿಯಲು ಆ ಕಾಲೇಜಿನ ಕಾಮನ್ ಡೇಟಾ ಸೆಟ್ (ಕಾಲೇಜುಗಳು ಒಂದೇ ನಮೂನೆಯಲ್ಲಿ ಹೊರತರುವ ಮಾಹಿತಿ ಪತ್ರ) ಹುಡುಕಿ, ಅದರಲ್ಲಿ ಸಿ7 ಅನ್ನುವ ಕೋಷ್ಟಕದಲ್ಲಿ ಅರ್ಜಿದಾರರ ಆಸಕ್ತಿ ಅನ್ನುವ ಸಾಲು ಇರುತ್ತದೆ. ಅಲ್ಲಿ ಪರಿಗಣಿಸುತ್ತೇವೆ ಅಂತಿದ್ದರೆ ಹೋದಾಗ ಹೆಸರು ಬರೆಸದೆ ಸುಮ್ನೆ ಸುತ್ತಾಡಿ ಬರಬೇಡಿ. ದೂರವಿದ್ದರೆ ಅವರ ಆನ್‌ಲೈನ್ ಸೆಷನ್‌ಗೆ ಕೂರಿಸಿ. ವಿಮಾನಕ್ಕೆ ಸಾಲ ಮಾಡಿ ಹೋಗುವಂಥದ್ದು ಏನೂ ಇಲ್ಲ.

ಈಗ ಅಭಿಪ್ರಾಯ ಬದಲಾದ ಕಥೆಗೆ ಬರುತ್ತೇನೆ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮಗೆ ರಟ್ಗರ್ಸ್ ಹಾಗೇ ಆಗಿತ್ತು. 1766ರಲ್ಲಿ ಶುರುವಾದ ಕಾಲೇಜು, ಮನೆಯಿಂದ ಅರ್ಧ ಗಂಟೆ. ಗೊತ್ತಿರುವವರ ಮಕ್ಕಳೆಲ್ಲ ಅಲ್ಲೇ ಓದಿದ್ದಾರೆ, ನೋಡೋದೇನು ಅಂದುಕೊಂಡಿದ್ದೆವು. ಒಂದು ಮಂಗಳವಾರ ರಜೆ ಹಾಕಿ ಹೋದೆವು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಅದು ಒಂದೇ ಕ್ಯಾಂಪಸ್ ಅಲ್ಲ. ಕಾಲೇಜ್ ಅವೆನ್ಯೂ, ಬುಶ್, ಲಿವಿಂಗ್‌ಸ್ಟನ್, ಕುಕ್, ಡಗ್ಲಸ್ ಅಂತ ಹರಡಿಕೊಂಡಿದೆ. ನಡುವೆ ರಾರಿಟನ್ ನದಿ, ಓಡಾಟಕ್ಕೆ ಕಾಲೇಜಿನದೇ ಬಸ್ಸು. ಟೂರ್ ಮುಗಿದ ಮೇಲೆ ನಾವೇ ಬಸ್ಸು ಹತ್ತಿ ನದಿ ದಾಟಿ, ಎಂಜಿನಿಯರಿಂಗ್ ಇರುವ ಬುಶ್‌ಗೆ ಹೋದೆವು. ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗ, ಟೈಮ್‌ಟೇಬಲ್ ಹಾಕಿಕೊಳ್ಳುವಾಗ ಬಸ್ಸಿನ ಸಮಯ ಬಿಟ್ಟುಕೊಳ್ಳದಿದ್ದರೆ ಕಷ್ಟ ಅಂತ ಮಗಳಿಗೆ ಹೇಳಿದ. ಯಾವ ಬ್ರೋಷರಿನಲ್ಲೂ ಇರದ ಮಾತು. ಆದರೆ ಅದೇ ಹುಡುಗ ಎರಡನೇ ವರ್ಷದಲ್ಲೇ ಪ್ರೊಫೆಸರ್ ಒಬ್ಬರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದನ್ನೂ ಹೇಳಿದ. ಬಸ್ಸು ಇಳಿಯುವಷ್ಟರಲ್ಲಿ ಪಟ್ಟಿಯ ಕೊನೆಯಲ್ಲಿದ್ದ ಕಾಲೇಜು ನಡುವಿಗೆ ಬಂದಿತ್ತು.

ಪಟ್ಟಿಯ ಮೇಲಿದ್ದ ಒಂದು ದೊಡ್ಡ ಹೆಸರಿನ ಖಾಸಗಿ ಕಾಲೇಜಿನ ಅನುಭವ ಇದಕ್ಕೆ ತಿರುಗುಮುರುಗು. ಹೆಸರು ಬೇಡ. ಡಿಸೆಂಬರ್, ಜಡಿಮಳೆ, ಪರೀಕ್ಷೆಯ ವಾರ. ಯಾರೂ ಮುಖ ಎತ್ತಿ ನೋಡಲಿಲ್ಲ, ಗೈಡ್ ಹುಡುಗನಿಗೆ ನೆಗಡಿ, ನಮ್ಮ ಶೂ ಒಳಗೆಲ್ಲ ನೀರು. ಕಾರಿಗೆ ಬಂದವಳೇ ಮಗಳು ‘ಇದು ಬೇಡಮ್ಮ’ ಅಂದಳು. ಇಷ್ಟು ದೊಡ್ಡ ಹೆಸರು ಬಿಡೋದಾ ಅಂತ ಅವರಪ್ಪನಿಗೆ ನಿಜವಾಗಲೂ ಸಂಕಟ ಆಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು. ಬಿಸಿಲಿತ್ತು, ಹುಲ್ಲಿನ ಮೇಲೆ ಮಕ್ಕಳು ನಗುತ್ತಾ ಕೂತಿದ್ದರು, ಮಳೆಯ ದಿನದ ಬೇಸರ ಪೂರ್ತಿ ಹೋಯಿತು. ಆದರೆ ಒಂದು ವಿಷಯ ಎರಡೂ ಸಲ ಹಾಗೇ ಉಳಿಯಿತು. ಸೇರಿದ ಮೇಲೆ ಬಯಾಲಜಿಯಿಂದ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಬಹುದಾ ಅಂತ ಅವಳು ಕೇಳಿದ್ದಕ್ಕೆ ಎರಡೂ ಸಲ ಸುತ್ತಿ ಬಳಸಿ ಉತ್ತರ ಬಂತು. ಇನ್ನೂ ಯಾವುದು ಓದಬೇಕು ಅಂತ ಗಟ್ಟಿ ಮಾಡಿಕೊಳ್ಳದ ಹುಡುಗಿಗೆ ಅದು ದೊಡ್ಡ ಸಂಗತಿ. ಆ ಕಾರಣಕ್ಕೆ ಅದನ್ನು ಬಿಟ್ಟೆವು, ಮಳೆಗೆ ಬಿಡಲಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ನೋಡಿ ಬಂದ ಮೇಲೆ ಅಭಿಪ್ರಾಯ ಬದಲಾಗಿಯೇ ಆಗುತ್ತದೆ. ಹವಾಮಾನ, ಗೈಡಿನ ಮಾತುಗಾರಿಕೆ, ಹೊಸ ಜಿಮ್ಮಿನ ಗಾಜಿನ ಗೋಡೆ, ಇವುಗಳಿಂದ ಬಂದ ಬದಲಾವಣೆಯನ್ನು ಒಂದು ವಾರ ಪಕ್ಕಕ್ಕಿಡಿ. ಮೊದಲ ವರ್ಷದ ಪಾಠ ಯಾರು ಮಾಡುತ್ತಾರೆ, ಕ್ಲಾಸಿನಲ್ಲಿ ಎಷ್ಟು ಜನ, ಮೇಜರ್ (ಮುಖ್ಯವಾಗಿ ಓದುವ ವಿಷಯ) ಬದಲಾಯಿಸಲು ಏನು ನಿಯಮ, ಕ್ಲಾಸಿಂದ ಕ್ಲಾಸಿಗೆ ಎಷ್ಟು ದೂರ, ಇಂಥವು ನಾಲ್ಕು ವರ್ಷವೂ ಜೊತೆಗಿರುತ್ತವೆ. ಮೇಜರ್ ವಿಷಯವಂತೂ ಒಂದೊಂದು ಕಡೆ ಒಂದೊಂದು ಥರ. ಪರ್ಡ್ಯೂನಲ್ಲಿ ಎಂಜಿನಿಯರಿಂಗ್‌ಗೆ ಸೇರಿದವರೆಲ್ಲ ಮೊದಲ ವರ್ಷ ಒಟ್ಟಿಗೆ ಓದಿ ಆಮೇಲೆ ಶಾಖೆಗೆ ಹೋಗುತ್ತಾರೆ, ಬೇರೆ ಎಷ್ಟೋ ಕಡೆ ಅರ್ಜಿಯಲ್ಲೇ ಶಾಖೆ ಬರೆಯಬೇಕು.

ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ಗೆ ಹೋಗಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮ ಮನಸ್ಸು ಜಾಸ್ತಿ ಬದಲಾದದ್ದು ಅಲ್ಲಿ. ಆಗ ನಮ್ಮಮ್ಮ ಹಾಸನದಿಂದ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋದೆವು. ಒಂದೇ ಊರಿನಲ್ಲಿ ಸುಮಾರು 24,000 ಪದವಿ ವಿದ್ಯಾರ್ಥಿಗಳಿರುವ ಸರ್ಕಾರಿ ಯುಮ್ಯಾಸ್ (ಯೂನಿವರ್ಸಿಟಿ ಆಫ್ ಮ್ಯಾಸಚೂಸೆಟ್ಸ್) ಇದೆ, ಸುಮಾರು 1,900 ಮಕ್ಕಳ ಪುಟ್ಟ ಆಮ್‌ಹರ್ಸ್ಟ್ ಕಾಲೇಜೂ ಇದೆ. ಹತ್ತಿರದಲ್ಲೇ ಸ್ಮಿತ್, ಮೌಂಟ್ ಹೋಲಿಯೋಕ್ ಅಂತ ಎರಡು ಹೆಣ್ಣುಮಕ್ಕಳ ಕಾಲೇಜು. ಇವೆಲ್ಲ ಒಂದು ಒಕ್ಕೂಟ, ಒಂದು ಕಾಲೇಜಿಗೆ ಸೇರಿದವರು ಇನ್ನೊಂದರಲ್ಲಿ ಪಾಠ ತೆಗೆದುಕೊಳ್ಳಬಹುದು. ದೊಡ್ಡದು ಬೇಕಾ ಚಿಕ್ಕದು ಬೇಕಾ ಅಂತ ಮಗುವಿಗೆ ಗೊತ್ತಿಲ್ಲದಿದ್ದರೆ ಒಂದೇ ದಿನದಲ್ಲಿ ಎರಡನ್ನೂ ನೋಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದು ನನಗೆ ಸಿಕ್ಕಿಲ್ಲ.

ಆಮ್‌ಹರ್ಸ್ಟ್ ಥರದ ಲಿಬರಲ್ ಆರ್ಟ್ಸ್ ಕಾಲೇಜು ಅಂದರೆ ಆರ್ಟ್ಸ್ ಮಾತ್ರ ಅಂತ ನಾವು ತಿಳಿದಿದ್ದೆವು. ಅಲ್ಲಿ ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್ ಎಲ್ಲ ಇದೆ. ಅನುಮತಿ ಕೇಳಿ ಮಗಳು ಒಂದು ಕ್ಲಾಸಿನಲ್ಲಿ ಕೂತು ಬಂದಳು. ಹದಿನೈದು ಜನ, ಮೇಜಿನ ಸುತ್ತ ಕೂತು ಮಾತಾಡುವ ಪಾಠ. ಹೊರಗೆ ಬಂದವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಸ್ಮಿತ್ ಬಗ್ಗೆ ಹೇಳಿದಾಗ ಅಮ್ಮ, ‘ಅಂದ್ರೆ ನಮ್ಮ ಮಹಾರಾಣಿ ಕಾಲೇಜಿನ ಹಾಗಾ? ಚೆನ್ನಾಗಿರುತ್ತಲ್ಲ’ ಅಂದರು. ನಾನೂ ನಮ್ಮನೆಯವರೂ ಹೆಣ್ಣುಮಕ್ಕಳ ಕಾಲೇಜು ಅಂತ ಯೋಚನೆಯೇ ಮಾಡದೆ ತಳ್ಳಿಹಾಕಿದ್ದೆವು. ಈಗ ಅದು ಅವಳ ಪಟ್ಟಿಯಲ್ಲಿದೆ.

ಕ್ಯಾಂಪಸ್ ತೋರಿಸುತ್ತಿದ್ದ ಹುಡುಗಿಯನ್ನು ನೋಡಿ ಊಟದ ಬಗ್ಗೆ ಕೇಳಿದ್ದೂ ಅಮ್ಮನೇ. ‘ಆ ಹುಡುಗಿಗೆ ಕೇಳೇ, ಬೆಳಗ್ಗೆ ಏನು ತಿಂದಳು ಅಂತ.’ ನಾನು ಮುಜುಗರದಿಂದಲೇ ಕೇಳಿದೆ. ಆಮೇಲೆ ಪ್ರತಿ ಕಡೆ ಇದನ್ನೇ ಕೇಳುತ್ತಾ ಬಂದೆ, ಯಾಕೆಂದರೆ ಎಷ್ಟೋ ಕಾಲೇಜುಗಳಲ್ಲಿ ಮೊದಲ ವರ್ಷ ಡಾರ್ಮಿನಲ್ಲಿ (ಹಾಸ್ಟೆಲಿನಲ್ಲಿ) ಇರುವವರು ಮೀಲ್ ಪ್ಲಾನ್, ಅಂದರೆ ಮೊದಲೇ ದುಡ್ಡು ಕಟ್ಟುವ ಊಟದ ವ್ಯವಸ್ಥೆ, ತೆಗೆದುಕೊಳ್ಳಲೇಬೇಕು. ದುಡ್ಡು ಕಟ್ಟಿ ಡೈನಿಂಗ್ ಹಾಲಿನಲ್ಲಿ ಒಂದು ಊಟ ಮಾಡಿ. ಯುಮ್ಯಾಸ್ ಊಟ, ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಪ್ರಿನ್ಸ್‌ಟನ್ ರಿವ್ಯೂ ಸಂಸ್ಥೆಯ ಪಟ್ಟಿಯಲ್ಲಿ ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು, ಅಲ್ಲಿ ನಮಗೆ ತೊಂದರೆ ಆಗಲಿಲ್ಲ. ಬೇರೆ ಕಡೆ ವೆಜಿಟೇರಿಯನ್ ಅಂದರೆ ಸಲಾಡ್, ಪಿಜ್ಜಾ ಅಷ್ಟೇ. ಸೂಪಿಗೆ ಕೋಳಿ ಸಾರು ಹಾಕಿದ್ದಾರಾ, ಸಿಹಿಯಲ್ಲಿ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಇದೆಯಾ ಅಂತ ಕೇಳಿದರೆ ಅಡುಗೆಯವರೇ ಬಂದು ಹೇಳುತ್ತಾರೆ.

ಇಲಿನಾಯ್‌ನಲ್ಲಿರುವ ಮಂಡ್ಯ ಕಡೆಯ ಗೆಳತಿಯ ಮಾವನವರ ಕಥೆ ಇಲ್ಲಿ ನೆನಪಾಗುತ್ತದೆ. ಅರ್ಬಾನಾ-ಶಾಂಪೇನ್ ಕಾಲೇಜು ಬರೀ ಜೋಳದ ಹೊಲದ ಮಧ್ಯೆ ಇದೆ ಅಂತ ಮೊಮ್ಮಗನಿಗೆ ಇಷ್ಟವಿರಲಿಲ್ಲ. ಅಲ್ಲಿ ಕ್ಯಾಂಪಸ್ ನಡುವೆಯೇ 1876ರಿಂದ ಪ್ರಯೋಗಕ್ಕೆ ಬೆಳೆ ಬೆಳೆಯುತ್ತಿರುವ ಮಾರೋ ಪ್ಲಾಟ್ಸ್ ಅನ್ನುವ ತುಂಡು ಹೊಲ ಇದೆ. ಪಕ್ಕದಲ್ಲಿ ಲೈಬ್ರರಿ ಕಟ್ಟುವಾಗ ಬೆಳೆಗೆ ನೆರಳು ಬೀಳಬಾರದು ಅಂತ ಅದನ್ನು ನೆಲದಡಿಗೆ ಇಳಿಸಿದರು. ಇದನ್ನು ಕೇಳಿ ಆ ಹಿರಿಯರು ಹೊಲದ ಬದುವಿನಲ್ಲೇ ಅರ್ಧ ಗಂಟೆ ನಿಂತರಂತೆ. ತಾತ ಖುಷಿಯಾಗಿದ್ದು ನೋಡಿ ಹುಡುಗನೂ ಆ ಊರನ್ನು ಇನ್ನೊಂದು ಸಲ ಕಣ್ಣರಳಿಸಿ ನೋಡಿದ.

ದುಡ್ಡಿನ ವಿಷಯವನ್ನು ಮಾತ್ರ ಹೊರಡುವ ಮುಂಚೆಯೇ ನೋಡಿಕೊಳ್ಳಿ. ನೋಡಿ ಮೆಚ್ಚಿಕೊಂಡ ಮೇಲೆ ಆಗಲ್ಲ ಅಂದರೆ ಮಕ್ಕಳಿಗೆ ತುಂಬಾ ನೋವಾಗುತ್ತದೆ. ಕೆಲವು ಖಾಸಗಿ ಕಾಲೇಜುಗಳ ಪೂರ್ತಿ ಖರ್ಚು ವರ್ಷಕ್ಕೆ 90,000 ಡಾಲರ್ ದಾಟಿದೆ, ಆದರೆ ಎಲ್ಲರೂ ಅಷ್ಟು ಕಟ್ಟುವುದಿಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ, ನಿಮ್ಮ ವರಮಾನ ಹಾಕಿ ನೋಡಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳು ಕೇಂದ್ರ ಸರ್ಕಾರದ ನೆರವಿಗೆ ಫಾಫ್ಸಾ ಅರ್ಜಿ ತುಂಬಬಹುದು. ಅಪ್ಪ ಅಮ್ಮ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೂ ಇಲ್ಲೇ ಹುಟ್ಟಿದ ಮಗುವಿಗೆ ಅಡ್ಡಿಯಿಲ್ಲ. ಎಚ್-4ನಲ್ಲಿರುವ (ಎಚ್-1ಬಿಯವರ ಕುಟುಂಬದ ವೀಸಾ) ಮಕ್ಕಳಿಗೆ ಆ ನೆರವು ಸಿಗುವುದಿಲ್ಲ. ಅವರು 21 ತುಂಬಿದಾಗ ಎಚ್-4 ಮುಗಿಯುತ್ತದೆ, ಓದಿನ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗಬಹುದು. ಹಾಗಿದ್ದರೆ ಟೂರ್ ಮುಗಿಸಿ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋಗಿ, ಆಗ ಫೀಸು ಏನಾಗುತ್ತದೆ, ಆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಫೀಸೇ ಮುಂದುವರಿಯುತ್ತದಾ ಅಂತ ನೇರವಾಗಿ ಕೇಳಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅರ್ಧ ಗಂಟೆಯ ಈ ಮಾತುಕತೆ ಕೆಲವು ಮನೆಗಳಿಗೆ ಇಡೀ ಟೂರ್‌ಗಿಂತ ಮುಖ್ಯ.

ಸುರಕ್ಷತೆ ಬಗ್ಗೆ ಎಲ್ಲರೂ ತುರ್ತು ಕರೆಗೆ ಇರುವ ನೀಲಿ ದೀಪದ ಫೋನು ಕಂಬ ತೋರಿಸುತ್ತಾರೆ. ಅದಕ್ಕಿಂತ, 1990ರ ಕ್ಲೆರಿ ಕಾನೂನಿನ ಪ್ರಕಾರ ಕಾಲೇಜುಗಳು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಹೊರತರಬೇಕಾದ ಸುರಕ್ಷತಾ ವರದಿ ಓದಿ.

ಇನ್ನು ನಮ್ಮ ನಡವಳಿಕೆ. ಮೊದಲ ಎರಡು ಟೂರ್‌ನಲ್ಲಿ ಪ್ರಶ್ನೆಯೆಲ್ಲ ನಾನೇ ಕೇಳಿದೆ, ಮಗಳು ಹಿಂದೆ ಹಿಂದೆ ಉಳಿದಳು. ಕಾರಿಗೆ ಬಂದ ಕೂಡಲೇ ‘ಸೂಪರಾಗಿತ್ತು ಅಲ್ವಾ?’ ಅಂದುಬಿಟ್ಟೆ. ಅವಳು ಹ್ಞೂಂ ಅಂದಳು, ಅಷ್ಟೇ. ಅವಳಿಗೆ ಅದು ಇಷ್ಟವೇ ಆಗಿರಲಿಲ್ಲ ಅಂತ ಗೊತ್ತಾಗಲು ಮೂರು ವಾರ ಬೇಕಾಯಿತು. ಆಮೇಲೆ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಅವಳು ಬಾಯಿ ಬಿಡುವವರೆಗೆ ನಾವು ಮಾತಾಡುವ ಹಾಗಿಲ್ಲ, ಮನೆ ಬಂದರೂ ಸರಿ. ಕಾಲೇಜು ಸೇರಿದ ಮೇಲೆ ಫರ್ಪಾ ಕಾನೂನಿನ ಪ್ರಕಾರ ಅಂಕಗಳ ದಾಖಲೆ ಮಕ್ಕಳ ಹಕ್ಕು, ಅಪ್ಪ ಅಮ್ಮ ಫೋನ್ ಮಾಡಿ ಕೇಳಿದರೆ ಸಾಮಾನ್ಯವಾಗಿ ಹೇಳುವುದಿಲ್ಲ. ಅವರು ಮಾತಾಡಿ ನಾವು ಕೇಳುವುದನ್ನು ಈಗಿಂದಲೇ ರೂಢಿ ಮಾಡಿಕೊಂಡರೆ ಒಳ್ಳೆಯದು.

ಅರ್ಲಿ ಡಿಸಿಷನ್, ಅಂದರೆ ಸಿಕ್ಕಿದರೆ ಸೇರುತ್ತೇನೆ ಅಂತ ಮಾತು ಕೊಟ್ಟು ಒಂದೇ ಕಾಲೇಜಿಗೆ ಮೊದಲೇ ಅರ್ಜಿ, ಹಾಕುವವರಿಗೆ ಒಂದು ಕೋರಿಕೆ. ಹೆಚ್ಚಿನ ಕಡೆ ಅದರ ಗಡುವು ನವೆಂಬರ್ ಆರಂಭದಲ್ಲಿ. ಸಿಕ್ಕಿದರೆ ಸೇರಲೇಬೇಕು, ಕೊಟ್ಟ ನೆರವು ಸಾಲದಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. ಸಾಧ್ಯವಿರುವವರು ಕಣ್ಣಾರೆ ನೋಡದ ಕಾಲೇಜಿಗೆ ಈ ಮಾತು ಕೊಡಬೇಡಿ. ಉಳಿದ ಅರ್ಜಿಗಳ ಉತ್ತರ ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತದೆ, ಸಾಮಾನ್ಯವಾಗಿ ಮೇ 1ರೊಳಗೆ ತೀರ್ಮಾನ ಹೇಳಬೇಕು. ನಡುವಿನ ಏಪ್ರಿಲ್‌ನಲ್ಲಿ ಸೀಟು ಸಿಕ್ಕಿದವರನ್ನು ಕಾಲೇಜುಗಳು ಮತ್ತೆ ಕರೆಯುತ್ತವೆ. ಒಂದೇ ಸಲ ಹೋಗಲು ದುಡ್ಡು, ರಜೆ ಇರುವವರು ಆಗಲೇ ಹೋಗಿ.

ನಮಗೆ ಈ ಏಪ್ರಿಲ್‌ನಲ್ಲಿ ಎರಡು ಕಡೆಯಿಂದ ಕರೆ ಬಂದಿದೆ. ರಟ್ಗರ್ಸ್‌ಗೆ ಎಲ್ಲರೂ ಹೋಗುತ್ತೇವೆ. ಇನ್ನೊಂದಕ್ಕೆ ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿ, ಒಂದು ರಾತ್ರಿ ಡಾರ್ಮಿನಲ್ಲಿ ಉಳಿದು ಬರುತ್ತಾಳೆ. ಊರಿಂದ ಅಮ್ಮ ಫೋನ್ ಮಾಡಿದ್ದರು. ಬೆಳಗ್ಗೆ ತಿಂಡಿಗೆ ಏನು ಕೊಟ್ಟರು ಅಂತ ನೋಡಿಕೊಂಡು ಬಾ ಅಂದಿದ್ದಾರೆ.