ಮಾಗಡಿ ಕೆರೆ ಏರಿ ಮೇಲೆ ಕೂತಾಗ

ಗದಗದಿಂದ ಮಾಗಡಿ ಕೆರೆ ಸುಮಾರು 26 ಕಿಲೋಮೀಟರ್, ಶಿರಹಟ್ಟಿ ತಾಲೂಕು. ಅಲ್ಲಿಗೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಾಲ್ಕು ವರ್ಷದಿಂದ ಪ್ರತಿ ಚಳಿಗಾಲ ಹೋಗುತ್ತಿದ್ದೇನೆ. ಮೊದಲ ಸಲ ಮಾಡಿದ್ದು ತಪ್ಪು. ಮಧ್ಯಾಹ್ನ ಹೋಗಿ, ಬೈಕ್ ನಿಲ್ಲಿಸಿ, ಮೊಬೈಲ್ ಹಿಡಿದು ನೀರಿನ ಅಂಚಿಗೇ ಇಳಿದೆ. ಮಲಗಿದ್ದ ಹೆಬ್ಬಾತುಗಳು ಒಂದೊಂದಾಗಿ ಕತ್ತೆತ್ತಿದವು. ಆಮೇಲೆ ಇಡೀ ಹಿಂಡು ಕೂಗುತ್ತಾ ಎದ್ದು ಹೋಯಿತು, ಖಾಲಿ ನೀರು ಉಳಿಯಿತು. ಪಕ್ಕದ ಹೊಲದ ಅಜ್ಜ ಬೈಯಲಿಲ್ಲ. "ರಾತ್ರಿಯೆಲ್ಲಾ ಮೇದು ಬಂದಾವು ತಮ್ಮಾ, ಒಂದೀಟು ಮಲಗಾಕ ಬಿಡು" ಅಂದರು.

ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ.

ಈಗ ಡಿಸೆಂಬರ್, ಜನವರಿಯಲ್ಲಿ ನಸುಕಿನ ನಾಲ್ಕೂವರೆಗೆ ಏಳುತ್ತೇನೆ. ಸ್ವೆಟರ್, ಮಂಕಿ ಕ್ಯಾಪ್, ಬೈನಾಕ್ಯುಲರ್, ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಬಿಳಿ ಅಂಗಿ ಹಾಕುವುದಿಲ್ಲ, ಮಣ್ಣಿನ ಬಣ್ಣದ್ದೇ ಒಳ್ಳೆಯದು. ಸೂರ್ಯ ಬೆನ್ನಿಗೆ ಬರುವ ಹಾಗೆ ಜಾಗ ಹಿಡಿದು, ಕೂತ ಮೇಲೆ ಏಳುವುದಿಲ್ಲ. ಇಷ್ಟೇ ನನ್ನ ವಿದ್ಯೆ.

ಮೊದಲು ಬರುವುದು ದನಿ. ಹೊಲಗಳ ಕಡೆಯಿಂದ, ಮೂಗಿನಲ್ಲಿ ಕೂಗಿದ ಹಾಗೆ. ಏನೂ ಕಾಣುವುದಿಲ್ಲ, ಆದರೆ ಎದೆ ಬಡಿದುಕೊಳ್ಳುತ್ತದೆ. ಆಮೇಲೆ ಕೆಂಪು ಬಾನಿನಲ್ಲಿ ಒಂದು ಗೆರೆ, ಅದರ ಹಿಂದೆ ಇನ್ನೊಂದು, ಮತ್ತೆ ಮತ್ತೊಂದು. ತಲೆ ಮೇಲಿಂದಲೇ ಹೋಗುವಾಗ ರೆಕ್ಕೆಯ ಸಪ್ಪಳ ಕೇಳುತ್ತದೆ. ಕಾಲು ಮುಂದೆ ಚಾಚಿ ನೀರಿಗೆ ಇಳಿಯುತ್ತವೆ. ಹೋದ ಜನವರಿಯಲ್ಲಿ ಒಂದು ತೀರಾ ಹತ್ತಿರ ನಿಂತಿತ್ತು. ಬಿಳಿ ತಲೆಯ ಹಿಂಭಾಗಕ್ಕೆ ಎರಡು ಕರಿ ಪಟ್ಟೆ, ಕಾಡಿಗೆಯಲ್ಲಿ ಎಳೆದ ಹಾಗೆ. ಹಳದಿ ಕೊಕ್ಕಿನ ಪಕ್ಕ ಹಸಿರು ಎಲೆಯ ಚೂರು ಅಂಟಿತ್ತು. ಕಾಲಿಗೆ ನಮ್ಮ ಎರೆಮಣ್ಣು.

ಎರಡು ಮೂರು ಕೇಜಿ ತೂಗುವ ಈ ಹಕ್ಕಿ ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಕೆರೆಗಳಲ್ಲಿ. ಇಲ್ಲಿಗೆ ಬರಬೇಕಾದರೆ ಹಿಮಾಲಯ ದಾಟಬೇಕು. 7,000 ಮೀಟರ್‌ಗೂ ಮೇಲೆ ಹಾರಿದ್ದನ್ನು ಬೆನ್ನಿಗೆ ಉಪಕರಣ ಕಟ್ಟಿ ಅಳೆದಿದ್ದಾರೆ. ಅಲ್ಲಿ ಸಿಗುವ ಆಮ್ಲಜನಕ ನಮ್ಮ ಬಯಲಿನ ಅರ್ಧಕ್ಕಿಂತ ಕಡಿಮೆ, ಅದನ್ನೂ ಹೀರಿಕೊಳ್ಳುವಂಥ ರಕ್ತ ಇವುಗಳದ್ದು. ನಾನು ಕಪ್ಪತಗುಡ್ಡ ಹತ್ತಿದರೆ ಏದುಸಿರು ಬಿಡುತ್ತೇನೆ. ಏರಿ ಮೇಲೆ ಕೂತು ಇದನ್ನು ನೆನೆದರೆ ನಾನು ಎಷ್ಟು ಸಣ್ಣವನು ಅನ್ನಿಸುತ್ತದೆ, ಅದು ಬೇಜಾರಿನ ಭಾವನೆ ಅಲ್ಲವೇ ಅಲ್ಲ.

ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಖುಷಿಯೇ. ಜನ ಜಾಸ್ತಿ ಬರುತ್ತಾರೆ. ಬಂದವರು ದಯವಿಟ್ಟು ಡ್ರೋನ್ ಹಾರಿಸಬೇಡಿ, ನೀರಿಗಿಳಿಯಬೇಡಿ. ಇನ್ನೊಂದು ಮಾತು, ಹಕ್ಕಿ ಮೇಯುವುದು ರೈತರ ಹೊಲದಲ್ಲಿ. ಅಜ್ಜ ನನ್ನನ್ನು ಕಡಲೆ ಹೊಲದ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದರು. ಗಿಡದ ಕುಡಿಗಳು ಕತ್ತರಿಸಿದ ಹಾಗೆ ಹೋಗಿದ್ದವು, ಸಾಲಿನ ನಡುವೆ ಹಸಿರು ಹಿಕ್ಕೆ. "ಈ ಮೂಲಿ ಹೋತು ನೋಡು" ಅಂದರು. ಹಕ್ಕಿ ಮೇಲೆ ಸಿಟ್ಟು ಕಾಣಲಿಲ್ಲ, ಆದರೆ ನಷ್ಟ ನಷ್ಟವೇ ಅಲ್ವಾ? ಅದಕ್ಕೆ ಪರಿಹಾರ ಸರಿಯಾಗಿ ಸಿಗಬೇಕು, ಕೆರೆಯನ್ನು ಉಳಿಸಿಕೊಂಡವರಲ್ಲಿ ಈ ರೈತರೂ ಇದ್ದಾರೆ.

ನಾನು ಈಗ ವಾಪಸ್ ಬರುವಾಗ ಅಜ್ಜನ ಹೊಲದ ಸುಲಗಾಯಿ (ಹಸಿ ಕಡಲೆ) ಎರಡು ಸಿವುಡು ಕೊಂಡು ತರುತ್ತೇನೆ.