ಮಾತ್ರೆಯ ಸ್ಟ್ರಿಪ್ ನೋಡಿ ಮರೆವಿನ ಕಾಯಿಲೆ ಪತ್ತೆಹಚ್ಚಿದ ನನ್ನ ಅನುಭವ

ಡಿಮೆನ್ಷಿಯಾವನ್ನು, ಅಂದರೆ ಮರೆವಿನ ಕಾಯಿಲೆಯನ್ನು, ನನ್ನಂಥ ತಾಲ್ಲೂಕು ಕೇಂದ್ರದ ಕುಟುಂಬ ವೈದ್ಯರೇ ಮೊದಲ ಹಂತದಲ್ಲಿ ಗುರುತಿಸಬಲ್ಲರು ಎಂದು ನಾನು ಹೇಳಿದಾಗ, ಅದಕ್ಕೆ ನರರೋಗ ತಜ್ಞರೇ ಬೇಕು, ಇಷ್ಟು ನೂಕುನುಗ್ಗಲಿನಲ್ಲಿ ಆಗುವ ಕೆಲಸವಲ್ಲ ಎಂದು ಜೊತೆಯ ವೈದ್ಯರು ತಳ್ಳಿಹಾಕಿದ್ದರು. ಈಗ ನಾನು ನಿಮ್ಹಾನ್ಸ್‌ಗೆ ಕಳುಹಿಸುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಕಾಯಿಲೆ ಖಚಿತವಾಗುತ್ತಿದೆ. ಅದೇ ವೈದ್ಯರು ತಮ್ಮ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಿದ್ದಾರೆ.

ಆರಂಭದಲ್ಲಿ ನೆನಪು, ಲೆಕ್ಕ, ಓದುಬರಹದ ಪ್ರಶ್ನೆಗಳಿರುವ ಎಂಎಂಎಸ್‌ಇ ಪರೀಕ್ಷೆಯನ್ನು ಮತ್ತು ರೋಗಿಯಿಂದ ಗಡಿಯಾರದ ಚಿತ್ರ ಬರೆಸುವುದನ್ನೇ ನೆಚ್ಚಿಕೊಂಡಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು, ಬುದ್ಧಿ ಚುರುಕಾಗಿದ್ದರೂ, ಅದರಲ್ಲಿ ಸೋತರು. ನಿವೃತ್ತ ಮೇಷ್ಟರುಗಳು ಕಾಯಿಲೆ ಶುರುವಾಗಿದ್ದರೂ ಪೂರ್ತಿ ಅಂಕ ಪಡೆದರು. ಓದುಬರಹ ಬಾರದವರಿಗೆಂದು ರೂಪಿಸಿದ, ಇದೇ ಪರೀಕ್ಷೆಯ ಹಿಂದಿ ಆವೃತ್ತಿಯನ್ನು ಕನ್ನಡಕ್ಕೆ ಹೊಂದಿಸಿಕೊಂಡೆ. ಅದು ತಕ್ಕಮಟ್ಟಿಗೆ ಸರಿಹೋಯಿತು, ಆದರೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ನೂರು ರೂಪಾಯಿ ಫೀಸಿನಲ್ಲಿ ಸಂಜೆಯ ಸಂಪಾದನೆ ಮೂರನೆಯ ಒಂದು ಭಾಗದಷ್ಟು ಇಳಿಯಿತು.

ಕೊನೆಗೆ ಕೈಹಿಡಿದದ್ದು ಮಾತ್ರೆಯ ಸ್ಟ್ರಿಪ್. ಬಿಪಿ, ಶುಗರ್ ರೋಗಿಗಳು ತಿಂಗಳಿಗೊಮ್ಮೆ ಬರುವವರೇ. ಉಳಿದ ಮಾತ್ರೆಗಳನ್ನೂ ತರುವಂತೆ ಹೇಳಿದೆ. ವರ್ಷಗಟ್ಟಲೆ ತಪ್ಪದೆ ನುಂಗಿದವರ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಅರ್ಧಕ್ಕರ್ಧ ಉಳಿದು, ಬಿಪಿ ಮಾತ್ರೆ ಹದಿನೈದು ದಿನಕ್ಕೇ ಮುಗಿದಿದ್ದರೆ ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳಿದಾಗ ಅವರು ಉತ್ತರಕ್ಕಾಗಿ ಸೊಸೆಯ ಮುಖ ನೋಡಿದರೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಸೊಸೆಯೊಬ್ಬಳನ್ನೇ ಕೂರಿಸಿಕೊಂಡು ಸಾರಿನ ಉಪ್ಪು, ಪಿಂಚಣಿ ಹಣದ ಲೆಕ್ಕ, ದಾರಿ ತಪ್ಪಿದ್ದು ಇವನ್ನೆಲ್ಲ ವಿಚಾರಿಸುತ್ತೇನೆ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಸುಮ್ಮನಿರುವುದೇ ಹೆಚ್ಚು. ರೋಗಿಗೆ ಬೇಸರವಾಗದಂತೆ ಹೊರಗೆ ಕಳುಹಿಸುವ ಉಪಾಯವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮರೆವಿಗೆ ಬೇರೆ ಕಾರಣಗಳಿವೆಯೇ ಎಂದು ನೋಡುವ ವಿಟಮಿನ್ ಬಿ-12, ಥೈರಾಯ್ಡ್, ಸೋಡಿಯಂ ರಕ್ತಪರೀಕ್ಷೆಗೆ ಸುಮಾರು ಒಂದೂವರೆ ಸಾವಿರ ಆಗುತ್ತಿತ್ತು. ಲ್ಯಾಬಿನವರೊಡನೆ ಮಾತನಾಡಿ ಒಂಬೈನೂರರ ಆಸುಪಾಸಿಗೆ ಇಳಿಸಿಕೊಂಡೆ. ಇದನ್ನು ಬಿಡುವಂತಿಲ್ಲ, ಏಕೆಂದರೆ ದೀರ್ಘಕಾಲ ನುಂಗಿದ ಮೆಟ್‌ಫಾರ್ಮಿನ್‌ನಿಂದಲೇ ಬಿ-12 ಕುಸಿಯಬಹುದು. ಹಳೆಯ ಚೀಟಿಗಳಲ್ಲಿ, ತಾನೇ ಮರೆವು ತರಬಲ್ಲ ಅಮಿಟ್ರಿಪ್ಟಿಲಿನ್ ಮಾತ್ರೆ ಇದ್ದರೆ ಮೊದಲು ಅದನ್ನು ಹಂತಹಂತವಾಗಿ ನಿಲ್ಲಿಸುತ್ತೇನೆ. ಇದರ ನಡುವೆ ಇನ್ನೊಂದನ್ನೂ ಪರೀಕ್ಷಿಸಿ ನೋಡಿದೆ: ಕಿವಿಯ ಗುಗ್ಗೆ ತೆಗೆದು ವಾರದ ನಂತರ ಅದೇ ಪ್ರಶ್ನೆಗಳನ್ನು ಕೇಳಿದರೆ, ಕೆಲವರು ಸರಾಗವಾಗಿ ಉತ್ತರಿಸಿದರು.

ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆ ನಾಡಿಯನ್ನು ನಿಧಾನಗೊಳಿಸಬಹುದು, ಹಾಗಾಗಿ ಅದನ್ನು ಬರೆಯುವ ಮೊದಲು ನಾಡಿ ನೋಡಿ, ಅದು ನಿಧಾನವಿದ್ದರೆ ಇಸಿಜಿ ಮಾಡಿಸುತ್ತೇನೆ. ಮಾತ್ರೆ ಕಾಯಿಲೆಯನ್ನು ವಾಸಿ ಮಾಡದು ಎಂಬುದನ್ನು ಮಕ್ಕಳಿಗೆ ಅಂದೇ ಬಿಡಿಸಿ ಹೇಳಿ, ಜಮೀನು ಮತ್ತು ಬ್ಯಾಂಕಿನ ವಿಷಯಗಳಲ್ಲಿ ಹಿರಿಯರ ಇಚ್ಛೆಯನ್ನು, ಅವರೇ ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ, ಕೇಳಿಕೊಳ್ಳಲು ಸೂಚಿಸುತ್ತೇನೆ.