1997ರಲ್ಲಿ ಜೋಳಕ್ಕೆ ಏನಾಯಿತು? ನನ್ನ ಮೊದಲ ಡೇಟಾ ಆ್ಯಪ್

ವಿಜಯಪುರದ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಭಾಗದ ಬೆಳೆಗಳ ಬಿತ್ತನೆ ಕ್ಷೇತ್ರವನ್ನು ಹಳೆಯ ಅಂಕಿಅಂಶ ಪುಸ್ತಕಗಳಿಂದ ಎರಡು ಬೇಸಿಗೆ ರಜೆ ಕುಳಿತು ಟೈಪ್ ಮಾಡಿದ್ದ ಎಕ್ಸೆಲ್ ಕಡತವೊಂದು ನನ್ನ ಬಳಿ ಇತ್ತು. ತರಗತಿಯಲ್ಲಿ ಅದನ್ನು ತೆರೆದರೆ ಮೂರನೆಯ ಸಾಲಿಗೇ ವಿದ್ಯಾರ್ಥಿಗಳ ಕಣ್ಣು ಸೋಲುತ್ತಿತ್ತು. ನಮ್ಮ ಡೋಣಿ ನದಿಯ ಬಗ್ಗೆ ಇರುವ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತು ಕೇಳಿ ಬೆಳೆದವರು ಅವರು. ಜೋಳದ ಕಥೆಯೇ ಅವರನ್ನು ಮುಟ್ಟದಿದ್ದರೆ ತಪ್ಪು ನಾನು ತೋರಿಸುವ ರೀತಿಯಲ್ಲಿದೆ ಎನಿಸಿತು.

ಅಂಕಿಅಂಶಗಳನ್ನು ಬ್ರೌಸರ್‌ನಲ್ಲಿ ತೆರೆಯುವ ಆ್ಯಪ್ ಆಗಿಸಲು, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ 2012ರಿಂದಲೇ ಶೈನಿ ಎಂಬ ಸಾಧನ ಇದೆ. ನನಗೆ ಬರುತ್ತಿದ್ದುದು ಅಲ್ಪಸ್ವಲ್ಪ ಪೈಥಾನ್. ಜಾವಾಸ್ಕ್ರಿಪ್ಟ್ ಗೊತ್ತೇ ಇರಲಿಲ್ಲ. ಹಾಗಾಗಿ ಪೈಥಾನ್‌ನಲ್ಲೇ ಅಂಥ ಆ್ಯಪ್ ಕಟ್ಟಲು ಬಿಡುವ ಸ್ಟ್ರೀಮ್‌ಲಿಟ್ ಆರಿಸಿಕೊಂಡೆ. ಎಕ್ಸೆಲ್ ಕಡತವನ್ನು ಸಿಎಸ್‌ವಿ ಎಂಬ ಸರಳ ಪಠ್ಯ ರೂಪದಲ್ಲಿ ಉಳಿಸಿ ಪಾಂಡಾಸ್‌ನಿಂದ (ಕೋಷ್ಟಕ ನಿಭಾಯಿಸುವ ಪೈಥಾನ್ ಸಲಕರಣೆ) ಓದಿಸುವುದು, ಜಿಲ್ಲೆ ಆರಿಸಲು ಒಂದು ಪಟ್ಟಿ, ವರ್ಷಗಳಿಗೆ ಒಂದು ಸ್ಲೈಡರ್, ಒಂದು ಗೆರೆಚಿತ್ರ: ಹದಿನೈದು ಸಾಲು ದಾಟಲಿಲ್ಲ. ಆ ಸಂಜೆ ಬ್ರೌಸರ್‌ನಲ್ಲಿ ಸ್ಲೈಡರ್ ಎಳೆದಾಗ ಗೆರೆಯೂ ಜೊತೆಗೆ ಸರಿದದ್ದನ್ನು ಕಂಡು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಜಿಲ್ಲೆಗಳ ಪಟ್ಟಿ ತೆರೆದಾಗ ಮೊದಲ ಪಾಠ ಸಿಕ್ಕಿತು. ಅದರಲ್ಲಿ ಬಿಜಾಪುರ, ವಿಜಾಪುರ, ವಿಜಯಪುರ ಮೂರೂ ಇದ್ದವು. ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು; ನಾನು ಪುಸ್ತಕದಲ್ಲಿ ಇದ್ದಂತೆಯೇ ಟೈಪ್ ಮಾಡಿದ್ದೆ. ಒಂದೇ ಜಿಲ್ಲೆ ಮೂರು ತುಂಡಾಗಿ ಕುಳಿತಿತ್ತು.

ಸ್ಟ್ರೀಮ್‌ಲಿಟ್‌ನ ಸ್ವಭಾವ ಅರ್ಥವಾಗಲು ಒಂದು ವಾರ ಬೇಕಾಯಿತು. ಬಳಸುವವರು ಯಾವ ಗುಂಡಿ ಮುಟ್ಟಿದರೂ ಇಡೀ ಪ್ರೋಗ್ರಾಂ ಮೇಲಿನ ಸಾಲಿನಿಂದ ಕೊನೆಯವರೆಗೆ ಮತ್ತೆ ಓಡುತ್ತದೆ. ಹಿಂದಿನ ಓಟದಲ್ಲಿ ಇಟ್ಟುಕೊಂಡ ಮೌಲ್ಯಗಳು ಅಳಿಸಿಹೋಗುತ್ತವೆ. ಉಳಿಯಬೇಕಾದುದನ್ನು ಸೆಷನ್ ಸ್ಟೇಟ್‌ನಲ್ಲಿ ಇಡಬೇಕು. ಕಡತ ಓದುವಂಥ ನಿಧಾನದ ಕೆಲಸ ಪ್ರತಿ ಸಲ ಮತ್ತೆ ನಡೆಯದಂತೆ, ಅದರ ಫಲಿತಾಂಶ ನೆನಪಿಟ್ಟುಕೊಳ್ಳುವ ಕ್ಯಾಶ್ ಡೇಟಾ ಎಂಬ ಗುರುತು ಹಚ್ಚಬೇಕು. ಹೊಸದಾಗಿ ಕಲಿಯುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ.

ಹೆಚ್ಚು ಕಾಡಿದ್ದು ಕನ್ನಡ ಅಕ್ಷರ. ಮೊದಲು ಪೈಥಾನ್‌ನ ಚಿತ್ರ ಸಲಕರಣೆಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಿತ್ರ ಬಿಡಿಸಿದೆ. ಊರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು. ಕನ್ನಡದ ನೋಟೋ ಫಾಂಟ್ ಹಾಕಿದೆ. ಅಕ್ಷರ ಬಂದವು, ಒತ್ತಕ್ಷರ ಒಡೆದವು. ಮುದ್ದೇಬಿಹಾಳದ ದಕಾರಕ್ಕೆ ಒತ್ತು ಸೇರಲೇ ಇಲ್ಲ. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸ ಬ್ರೌಸರ್‌ಗೆ ಚೆನ್ನಾಗಿ ಬರುತ್ತದೆ. ಆದ್ದರಿಂದ ಬ್ರೌಸರ್‌ನೊಳಗೇ ಚಿತ್ರ ಬಿಡಿಸುವ ಆಲ್ಟೇರ್‌ಗೆ ಬದಲಾದೆ, ಮುದ್ದೇಬಿಹಾಳ ಇಡಿಯಾಗಿ ಮೂಡಿತು. ಇಂಗ್ಲಿಷ್ ಹೆಸರುಗಳನ್ನೇ ಇಟ್ಟಿದ್ದರೆ ಈ ಶ್ರಮವೇ ಇರುತ್ತಿರಲಿಲ್ಲ, ನಿಜ. ಆದರೆ ತಮ್ಮ ತಾಲ್ಲೂಕಿನ ಹೆಸರನ್ನು ವಿದ್ಯಾರ್ಥಿಗಳು ತಮ್ಮ ಅಕ್ಷರದಲ್ಲೇ ನೋಡಬೇಕು ಎಂಬುದರಲ್ಲಿ ನನಗೆ ರಾಜಿ ಇರಲಿಲ್ಲ.

ತರಗತಿಯ ದಿನ ನನ್ನ ಮೊಬೈಲ್ ಹಾಟ್‌ಸ್ಪಾಟ್ ಹಾಕಿದೆ. ಸ್ಟ್ರೀಮ್‌ಲಿಟ್ ಶುರುವಾಗುವಾಗ ಎರಡು ವಿಳಾಸ ತೋರಿಸುತ್ತದೆ. ಎರಡನೆಯದನ್ನು ಹಲಗೆಯ ಮೇಲೆ ಬರೆದೆ. ಅದೇ ಸಂಪರ್ಕದಲ್ಲಿದ್ದವರೆಲ್ಲ ತಮ್ಮ ಫೋನಿನಲ್ಲೇ ಆ್ಯಪ್ ತೆರೆದರು. ಐದು ನಿಮಿಷವೂ ಆಗಿರಲಿಲ್ಲ, ಹಿಂದಿನ ಬೆಂಚಿನ ವಿದ್ಯಾರ್ಥಿನಿ ಕೇಳಿದಳು: “ಸರ್, 1997ರಲ್ಲಿ ಜೋಳಕ್ಕೆ ಏನಾಯಿತು? ಗೆರೆ ಬಾವಿಗೆ ಬಿದ್ದಂತೆ ಬಿದ್ದಿದೆಯಲ್ಲ.”

ಬರಗಾಲ ಎಂದು ಒಬ್ಬ, ಜನ ಅಕ್ಕಿಗೆ ಬದಲಾದರು ಎಂದು ಇನ್ನೊಬ್ಬ. ಅದು ಎರಡೂ ಅಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಬಾದಾಮಿ, ಹುನಗುಂದ, ಜಮಖಂಡಿ, ಮುಧೋಳ, ಬೀಳಗಿ, ಬಾಗಲಕೋಟೆ ಈ ಆರೂ ತಾಲ್ಲೂಕುಗಳು ನಮ್ಮ ಜಿಲ್ಲೆಯ ಲೆಕ್ಕದಿಂದ ಹೊರಟವು. ಆ ಅಂಕಿಗಳನ್ನು ನನ್ನ ಕೈಯಿಂದಲೇ ಟೈಪ್ ಮಾಡಿದ್ದೆ, ಆದರೂ ಕೋಷ್ಟಕದಲ್ಲಿ ಈ ಜಾರು ನನಗೆ ಕಂಡಿರಲಿಲ್ಲ. ಗೆರೆಯಲ್ಲಿ ಅವಳಿಗೆ ಕಂಡಿತು.

ಆ ರಾತ್ರಿಯೇ ‘ಅವಿಭಜಿತ ಜಿಲ್ಲೆ’ ಎಂಬ ಚೆಕ್‌ಬಾಕ್ಸ್ ಸೇರಿಸಿದೆ. ಗುರುತು ಹಾಕಿದರೆ 1997ರ ನಂತರದ ವರ್ಷಗಳಿಗೆ ಎರಡೂ ಜಿಲ್ಲೆಗಳ ಮೊತ್ತ ಬರುತ್ತದೆ. ಕಡಿದಾದ ಇಳಿತ ಮಾಯವಾಗಿ, ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಬಾಗುವ ಗೆರೆ ಉಳಿಯಿತು. ಮರುದಿನ ಬಂದ ಪ್ರಶ್ನೆ ಸಹಜವಾದದ್ದು: ಜೋಳ ಬಿಟ್ಟುಕೊಟ್ಟ ಹೊಲಕ್ಕೆ ಬಂದದ್ದು ಏನು? ತೊಗರಿ, ಕಡಲೆ, ಕಬ್ಬಿನ ಗೆರೆಗಳನ್ನು ಜೋಡಿಸಿದೆ.

ಸಿಂದಗಿ ಕಡೆಯ ಹುಡುಗನೊಬ್ಬ ಆ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಹೋಗಿ ಅಜ್ಜನಿಗೆ ತೋರಿಸಿದ್ದಾನೆ. ಅಜ್ಜ ನೋಡಿ, “ಜೋಳದ ನಡುವೆ ಅಕ್ಕಡಿ ಸಾಲಿಗೆ ಹಾಕುತ್ತಿದ್ದ ಕುಸುಬೆ ಎಲ್ಲಿ?” ಎಂದು ಕೇಳಿದರಂತೆ. ನನ್ನ ಕಡತದಲ್ಲಿ ಕುಸುಬೆ ಇಲ್ಲ. ಹಳೆಯ ಪುಸ್ತಕಗಳನ್ನು ಮತ್ತೆ ಅಟ್ಟದಿಂದ ಇಳಿಸಿದ್ದೇನೆ.